ದಾರಿಯಲ್ಲೇ ಬರೆದ ವಹಿಗಳು



ಬಹಮನಿ ಸುಲ್ತಾನ ಮೂರನೆಯ ಮುಹಮ್ಮದನ ಕಾಲದಲ್ಲಿ ನಮ್ಮ ಬೀದರದ ಅರಮನೆಗೆ ಏಳು ಬಾಗಿಲುಗಳಿದ್ದವಂತೆ. ಒಂದೊಂದು ಬಾಗಿಲಲ್ಲೂ ನೂರು ಕಾವಲಿನವರು, ನೂರು ಕಾರಕೂನರು. ಒಳಗೆ ಹೋದವರ ಹೆಸರನ್ನು ಕೆಲವರು ಬರೆಯುತ್ತಿದ್ದರು, ಹೊರಗೆ ಬಂದವರ ಹೆಸರನ್ನು ಇನ್ನು ಕೆಲವರು. ಈ ಸಂಗತಿ ನಮಗೆ ತಿಳಿದದ್ದು ಆ ಕಾರಕೂನರ ದಫ್ತರದಿಂದಲ್ಲ. ಪರದೇಶಿಗಳನ್ನು ಒಳಗೆ ಬಿಡುತ್ತಿರಲಿಲ್ಲ ಎಂದು ಬರೆದಿಟ್ಟ ಒಬ್ಬ ಪರದೇಶಿ ವ್ಯಾಪಾರಿಯ ಸ್ವಂತ ವಹಿಯಿಂದ. ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬುವನು 1470ರ ಆಸುಪಾಸಿನಲ್ಲಿ ಈ ಊರಿಗೆ ಬಂದ, ಇಲ್ಲಿ ಕುದುರೆ ಮಾರಿದ, ಇಲ್ಲಿಯ ಜನರ ಗೆಳೆತನ ಮಾಡಿದ. ನಡೆದದ್ದನ್ನೆಲ್ಲ ತನ್ನ ಕೈಯಾರೆ ಬರೆದುಕೊಂಡ.

ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಅಂಥ ವಹಿಗಳು. ಮುಪ್ಪಿನಲ್ಲಿ ಕುಳಿತು ಬರೆದ ಆತ್ಮಕಥೆಗಳನ್ನು ನಾವು ಸಾಕಷ್ಟು ಓದಿದ್ದೇವೆ. ದಾರಿಯಲ್ಲಿದ್ದಾಗಲೇ, ಹೊಟ್ಟೆ ಹಸಿದಿರುವಾಗಲೇ, ಸಿಟ್ಟು ಇನ್ನೂ ಆರದಿರುವಾಗಲೇ ಬರೆದದ್ದು ಬೇರೆಯೇ ಒಂದು ಬರಹ. ಅದರ ಬೆಲೆಯನ್ನು ನಾವು, ಅದರಲ್ಲೂ ಸಂಗೀತಲೋಕದ ನಾವು, ಇನ್ನೂ ಸರಿಯಾಗಿ ಕಟ್ಟಿಲ್ಲ ಎಂಬುದು ನನ್ನ ಮಾತು. ಅದನ್ನು ವಿವರಿಸಲು ಮೊದಲು ನಿಮ್ಮನ್ನು ಬೀದರದಿಂದ ಬಹಳ ದೂರ ಕರೆದುಕೊಂಡು ಹೋಗಬೇಕಾಗಿದೆ.

ಹೆನ್ರಿ ರೋಲಿನ್ಸ್ ಹುಟ್ಟಿದ್ದು 1961ರ ಫೆಬ್ರುವರಿ 13ರಂದು, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಹುಟ್ಟುಹೆಸರು ಹೆನ್ರಿ ಗಾರ್ಫೀಲ್ಡ್. ಇಪ್ಪತ್ತರ ಪ್ರಾಯದಲ್ಲಿ ಆತ ಒಂದು ಐಸ್‌ಕ್ರೀಮ್ ಅಂಗಡಿಯ ಮ್ಯಾನೇಜರ್ ಆಗಿದ್ದ. ಬಿಡುವಿನಲ್ಲಿ ಒಂದು ಸಣ್ಣ ಪಂಕ್ ತಂಡದಲ್ಲಿ ಹಾಡುತ್ತಿದ್ದ. ಕ್ಯಾಲಿಫೋರ್ನಿಯಾದ 'ಬ್ಲ್ಯಾಕ್ ಫ್ಲ್ಯಾಗ್' ಎಂಬ ತಂಡದ ಹುಚ್ಚು ಅಭಿಮಾನಿ. 1981ರಲ್ಲಿ ನ್ಯೂಯಾರ್ಕಿನಲ್ಲಿ ಆ ತಂಡದ ಕಛೇರಿ ಕೇಳಲು ಹೋದವನು ವೇದಿಕೆ ಹತ್ತಿ ಒಂದು ಹಾಡು ಹಾಡಿಬಿಟ್ಟ. ಕೆಲವೇ ದಿನಗಳಲ್ಲಿ ತಂಡದವರು ಪರೀಕ್ಷೆ ಮಾಡಿ ಅವನನ್ನೇ ಗಾಯಕನನ್ನಾಗಿ ತೆಗೆದುಕೊಂಡರು. ಸಂಬಳದ ಕೆಲಸ ಬಿಟ್ಟು, ಊರು ಬಿಟ್ಟು ಅವರ ಜೊತೆ ಹೊರಟ. ಮುಂದಿನ ಐದು ವರ್ಷ ಅವನ ಮನೆ ಎಂದರೆ ಒಂದು ವ್ಯಾನು. ಪ್ರವಾಸ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಮರಳಿದಾಗ ತಂಡದ ಗಿಟಾರ್ ವಾದಕ ಗ್ರೆಗ್ ಗಿನ್‌ನ ತಂದೆತಾಯಿಯರ ಮನೆಯ ಹಿತ್ತಲಿನ ಒಂದು ಶೆಡ್ಡು.

ಪಂಕ್ ಎಂದರೆ ಬಣ್ಣ ಬಳಿದ ಕೂದಲು, ಹರಿದ ಬಟ್ಟೆ ಎಂದಷ್ಟೇ ಸಿನಿಮಾಗಳಿಂದ ತಿಳಿದವರು ನಮ್ಮಲ್ಲಿ ಹೆಚ್ಚು. ಒಳಗಿನ ಮಾತು ಬೇರೆ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ನುಗಳಲ್ಲಿ ಹುಟ್ಟಿದ ಈ ಸಂಗೀತ ಬೇಡಿದ್ದು ಬಹಳ ಕಡಿಮೆ: ಎರಡು ಮೂರು ಸ್ವರಮೇಳ, ಜೋರು ಲಯ, ಎರಡು ನಿಮಿಷದ ಹಾಡು. ವರ್ಷಗಟ್ಟಲೆ ಸಾಧನೆ ಮಾಡದವನೂ ವೇದಿಕೆ ಹತ್ತಬಹುದು. ಧ್ವನಿಮುದ್ರಣ ಕಂಪನಿ ಬಾಗಿಲು ತೆರೆಯದಿದ್ದರೆ ತಾವೇ ರೆಕಾರ್ಡು ಒತ್ತಬೇಕು, ತಾವೇ ಪೋಸ್ಟರು ಅಂಟಿಸಬೇಕು, ತಾವೇ ಪತ್ರಿಕೆ ಹೊರಡಿಸಬೇಕು. ಅದೇ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತೆಂದು ನೆನಪಿಸಿಕೊಳ್ಳಿ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಕೇರಿಯಿಂದ ಕೇರಿಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ಹಾಡುತ್ತ ಹೋದರು. 'ಸಮುದಾಯ' ರಂಗತಂಡದ ಕಲಾವಿದರು ಬೀದಿಗಿಳಿದರು. ಸ್ವರ ಶುದ್ಧವಿದೆಯೇ ಎಂದು ಅಲ್ಲಿಯೂ ಯಾರೂ ಕೇಳಲಿಲ್ಲ. ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಮಾಚಬಾರದು. ನಮ್ಮ ಹಾಡುಗಾರರಿಗೆ ಹಸಿವು, ಅವಮಾನ ಹುಟ್ಟಿನೊಂದಿಗೇ ಬಂದಿದ್ದವು. ರೋಲಿನ್ಸ್ ತಾನಾಗಿ ಹಸಿವಿನ ಕಡೆಗೆ ನಡೆದುಹೋದವನು. ಬೇಡವೆನಿಸಿದ್ದರೆ ಅವನಿಗೆ ಹಿಂದಿರುಗುವ ದಾರಿ ಇತ್ತು.

ಹಿಂದಿರುಗಲಿಲ್ಲ; ಬರೆದ. ಆ ಬರಹ 1994ರಲ್ಲಿ 'ಗೆಟ್ ಇನ್ ದ ವ್ಯಾನ್' ಎಂಬ ಪುಸ್ತಕವಾಗಿ ಬಂತು. ಆರಂಭದ ದಿನಗಳ ಭಾಗ ನೆನಪಿನಿಂದ ಬರೆದದ್ದು. ಮುಂದೆ ತಾರೀಖು, ಊರು ನಮೂದಿಸಿದ ದಿನಚರಿ. ಒಂದೇ ಪುಸ್ತಕದಲ್ಲಿ ಈ ಎರಡೂ ಬಗೆಯ ಗದ್ಯ ಇರುವುದರಿಂದ ವ್ಯತ್ಯಾಸ ಓದುಗನ ಕಣ್ಣಿಗೇ ಬೀಳುತ್ತದೆ. ನೆನಪಿನ ಭಾಗಕ್ಕೆ ಕಥೆಯ ಓಟವಿದೆ, ನಗೆಯಿದೆ. ದಿನಚರಿಯ ಭಾಗಕ್ಕೆ ಬಂದಾಗ ಕಥೆ ಒಡೆದುಹೋಗುತ್ತದೆ. ಪ್ರೇಕ್ಷಕರು ಮೈಮೇಲೆ ಉಗುಳಿದ್ದು, ಉರಿಯುವ ಸಿಗರೇಟನ್ನು ಕಾಲಿಗೆ ಒತ್ತಿದ್ದು, ಗುದ್ದಿದ್ದು, ಲಾಸ್ ಏಂಜಲೀಸಿನ ಪೊಲೀಸರು ಕಾಡಿದ್ದು, ಊಟವಿಲ್ಲದೆ ಮಲಗಿದ್ದು, ಜೊತೆಗಾರರ ಮುಖ ನೋಡಿದರೆ ಆಗದಂತಾದದ್ದು, ಹೀಗೆ ಒಂದರ ಮೇಲೊಂದು. ನಾಳೆ ಏನಾಗುತ್ತದೆ ಎಂದು ಬರೆಯುವವನಿಗೆ ತಿಳಿಯದು. ಈ ತಿಳಿಯದಿರುವಿಕೆಯೇ ದಿನಚರಿಯ ಜೀವ. ಆತ್ಮಕಥೆ ಬರೆಯುವವನಿಗೆ ತಾನು ಬದುಕಿ ಉಳಿದೆ, ಹೆಸರು ಮಾಡಿದೆ ಎಂಬುದು ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಅವನ ಹಸಿವಿಗೆ ಆಗಲೇ ಒಂದು ಅರ್ಥ ಬಂದುಬಿಟ್ಟಿರುತ್ತದೆ. ವ್ಯಾನಿನಲ್ಲಿ ಕುಳಿತವನ ಹಸಿವಿಗೆ ಅರ್ಥವಿಲ್ಲ, ಅದು ಬರೀ ಹಸಿವು.

1986ರ ಆಗಸ್ಟಿನಲ್ಲಿ ಗಿನ್ ಫೋನು ಮಾಡಿ ತಾನು ತಂಡ ಬಿಡುತ್ತಿದ್ದೇನೆ ಎಂದ. ತಂಡ ಕಟ್ಟಿದವನೇ ಬಿಟ್ಟ ಮೇಲೆ ಉಳಿದದ್ದೇನು? ಬ್ಲ್ಯಾಕ್ ಫ್ಲ್ಯಾಗ್ ಅಲ್ಲಿಗೆ ಮುಗಿಯಿತು. ರೋಲಿನ್ಸ್‌ನ ಬರಹ ಮುಗಿಯಲಿಲ್ಲ. ತಂಡದಲ್ಲಿದ್ದಾಗಲೇ ಆತ ತನ್ನದೇ ಪ್ರಕಾಶನ ಶುರುಮಾಡಿದ್ದ. ಅದರ ಹೆಸರು '2.13.61', ಅಮೆರಿಕದ ರೂಢಿಯಂತೆ ತಿಂಗಳು ಮೊದಲಿಟ್ಟು ಬರೆದ ಅವನ ಹುಟ್ಟಿದ ದಿನ. ದೊಡ್ಡ ಪ್ರಕಾಶಕರ ಒಪ್ಪಿಗೆಗೆ ಕಾಯದೆ ತನ್ನ ಪುಸ್ತಕಗಳನ್ನೂ ಗೆಳೆಯರ ಪುಸ್ತಕಗಳನ್ನೂ ಅಲ್ಲಿಂದಲೇ ತಂದ. 'ಗೆಟ್ ಇನ್ ದ ವ್ಯಾನ್' ಅನ್ನು ಅವನೇ ಓದಿದ ಧ್ವನಿಮುದ್ರಿಕೆಗೆ 1995ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಹಾಡಿಗಲ್ಲ, ಓದಿಗೆ. ನನಗೆ ಇದು ಸಣ್ಣ ಸಂಗತಿ ಎನಿಸುವುದಿಲ್ಲ.

ಇನ್ನೊಂದು ಪುಸ್ತಕದ ಹಿನ್ನೆಲೆಯನ್ನು ಹೇಳಲೇಬೇಕು. ಜೋ ಕೋಲ್ ಎಂಬುವನು ರೋಲಿನ್ಸ್‌ನ ಆಪ್ತ ಗೆಳೆಯ, ಪ್ರವಾಸಗಳಲ್ಲಿ ಸಾಮಾನು ಹೊತ್ತು ಜೊತೆಗಿದ್ದವನು. 1991ರ ಡಿಸೆಂಬರ್ 19ರಂದು ಲಾಸ್ ಏಂಜಲೀಸಿನಲ್ಲಿ ಇಬ್ಬರೂ ಮನೆಗೆ ಮರಳುವಾಗ ದರೋಡೆಕೋರರು ಅಡ್ಡಗಟ್ಟಿದರು. ಕೋಲ್ ಗುಂಡಿಗೆ ಬಲಿಯಾದ, ರೋಲಿನ್ಸ್ ಉಳಿದ. ಮುಂದೆ 1993ರಲ್ಲಿ ಬಂದ 'ನೌ ವಾಚ್ ಹಿಮ್ ಡೈ' ಎಂಬ ಪುಸ್ತಕ ಆ ದುಃಖದ ಬೆನ್ನಲ್ಲೇ ಬರೆದದ್ದು. ಓದಲು ಕಷ್ಟವಾಗುತ್ತದೆ. ಅದರಲ್ಲಿ ಸಾಂತ್ವನವಿಲ್ಲ, ಕಾಲ ಎಲ್ಲವನ್ನೂ ಮರೆಸುತ್ತದೆ ಎಂಬ ಮಾತಿಲ್ಲ. ಒಂದೇ ಸಂಕಟ ದಿನದಿನವೂ ಹೊಸದಾಗಿ ಬರುತ್ತದೆ. ಜೋ ಕೋಲ್ ಕೂಡ ಪ್ರವಾಸದ ದಿನಚರಿ ಬರೆದಿದ್ದ. ಅವನು ಸತ್ತ ಮೇಲೆ ಗೆಳೆಯ ಅದನ್ನು 'ಪ್ಲಾನೆಟ್ ಜೋ' ಎಂಬ ಹೆಸರಿನಲ್ಲಿ ತನ್ನ ಪ್ರಕಾಶನದಿಂದ ಅಚ್ಚುಮಾಡಿಸಿದ. ಹಾಡಿದವನ ದಿನಚರಿ ಜಗತ್ತಿಗೆ ಬರುವುದು ಸಹಜ. ಪೆಟ್ಟಿಗೆ ಹೊತ್ತವನ ದಿನಚರಿಯೂ ಪುಸ್ತಕವಾಯಿತಲ್ಲ, ಇದು ನನಗೆ ಪಂಕ್ ಸಂಗೀತದ ಅತ್ಯಂತ ಗೌರವದ ಗುಣವಾಗಿ ಕಾಣುತ್ತದೆ.

ಆಮೇಲಿನ ಪುಸ್ತಕಗಳು ಹೆಚ್ಚಾಗಿ ತಿರುಗಾಟದವು. 2000ದಲ್ಲಿ 'ಸ್ಮೈಲ್, ಯೂ ಆರ್ ಟ್ರಾವೆಲಿಂಗ್' ಬಂತು. 2011ರಲ್ಲಿ 'ಆಕ್ಯುಪಂಟ್ಸ್' ಬಂತು, ತಾನೇ ತೆಗೆದ ಚಿತ್ರಗಳೊಂದಿಗೆ. ಅನಿಲ ದುರಂತದ ಭೋಪಾಲಕ್ಕೂ ಆತ ಹೋಗಿಬಂದಿದ್ದಾನೆ. ಎಲ್ಲ ಪುಸ್ತಕಗಳೂ ಸಮನಾಗಿಲ್ಲ ಎಂದು ಹೇಳದಿದ್ದರೆ ತಪ್ಪಾಗುತ್ತದೆ. ವಿಮಾನ ನಿಲ್ದಾಣ, ಹೋಟೆಲು, ಕಾಫಿ, ವ್ಯಾಯಾಮ, ನಿದ್ದೆಯಿಲ್ಲದ ರಾತ್ರಿ, ಒಂಟಿತನ ಎಂದು ಪುಟಗಟ್ಟಲೆ ಅದದೇ ಬರುತ್ತದೆ. ತನ್ನ ಮೇಲೆ ತನಗೇ ಅತಿ ಕನಿಕರ ಬಂದ ಪುಟಗಳೂ ಇವೆ. ಸಂಪಾದಕನೊಬ್ಬ ಕತ್ತರಿ ಹಿಡಿದಿದ್ದರೆ ಪುಸ್ತಕಗಳು ತೆಳ್ಳಗಾಗುತ್ತಿದ್ದವು, ಚೆಂದವಾಗುತ್ತಿದ್ದವು. ಆದರೆ ಒಬ್ಬ ಹಾಡುಗಾರ ನಡುವಯಸ್ಸಿಗೆ ಬಂದಾಗ ಅವನ ದಿನಗಳು ನಿಜಕ್ಕೂ ಹೇಗಿರುತ್ತವೆ ಎಂಬುದು ಕಳೆದುಹೋಗುತ್ತಿತ್ತು. ಬೇಸರ ಬಂದ ದಿನದ ಬಗ್ಗೆ ಬೇಸರದಿಂದಲೇ ಬರೆದ ಪುಟ ಸುಳ್ಳು ಹೇಳುವುದಿಲ್ಲ.

ಈಗ ಬೀದರಕ್ಕೆ ಬರೋಣ.

ನಿಕಿತಿನ್ ಹಾಡುಗಾರನಲ್ಲ, ವ್ಯಾಪಾರಿ. ಊರು ಬಿಟ್ಟದ್ದು ಲಾಭಕ್ಕಾಗಿ. ದಾರಿಯಲ್ಲಿ ವೋಲ್ಗಾ ನದಿಯ ಮುಖದ ಬಳಿ, ಅಸ್ತ್ರಖಾನಿನ ಸಮೀಪ ತಾರ್ತಾರರು ಲೂಟಿ ಮಾಡಿದರು. ಸರಕು ಹೋಯಿತು, ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರು ಬಿಡುತ್ತಿರಲಿಲ್ಲ. ಪರ್ಷಿಯಾ ದಾಟಿ ಹೋರ್ಮುಜ್‌ಗೆ ಬಂದ. ಒಂದು ಕುದುರೆಯೊಂದಿಗೆ ಹಡಗು ಹತ್ತಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಹಿಂದೂಸ್ಥಾನದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅರಬ್ಬೀ ಕುದುರೆಗೆ ಚಿನ್ನದ ಬೆಲೆ ಎಂದು ಕೇಳಿದ್ದ. ಜುನ್ನಾರಿನಲ್ಲಿ ಅಲ್ಲಿಯ ಖಾನ ಆ ಕುದುರೆಯನ್ನೇ ಕಿತ್ತುಕೊಂಡ. ಇಸ್ಲಾಮಿಗೆ ಬಂದರೆ ಕುದುರೆಯೂ ಸಾವಿರ ಚಿನ್ನದ ನಾಣ್ಯವೂ ಸಿಗುತ್ತವೆ, ಬಾರದಿದ್ದರೆ ಕುದುರೆಯೂ ಹೋಯಿತು, ಸಾವಿರ ನಾಣ್ಯ ದಂಡವನ್ನೂ ಕೊಡಬೇಕು ಎಂದ. ಕೊಟ್ಟದ್ದು ನಾಲ್ಕೇ ದಿನಗಳ ಅವಧಿ. ಖುರಾಸಾನಿನ ಮುಹಮ್ಮದ್ ಎಂಬ ಒಬ್ಬ ಮುಸ್ಲಿಂ ಸಜ್ಜನ ನಡುವೆ ಬಂದು ಮಾತಾಡಿ ಬಿಡಿಸಿದ. ಹೆದರಿಸಿದವನನ್ನೂ ಉಳಿಸಿದವನನ್ನೂ ವಹಿ ಪಕ್ಕಪಕ್ಕದಲ್ಲೇ ಇಟ್ಟುಕೊಂಡಿದೆ.

ಮಳೆಗಾಲದ ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ಕೆಸರು. ಮಳೆ ನಿಂತ ಮೇಲೆ ಬೀದರ. ಇಲ್ಲಿಯ ಪುಟಗಳನ್ನು ಓದುವಾಗ ನಮಗೆ ಮೈ ಜುಮ್ಮೆನ್ನುವುದು ಸಹಜ, ಏಕೆಂದರೆ ನಮ್ಮ ಓಣಿಗಳೇ ಅಲ್ಲಿವೆ. ರಾತ್ರಿ ಕೊತ್ವಾಲನ ಸವಾರರು ಪಂಜು ಹಿಡಿದು ಊರು ಕಾಯುತ್ತಿದ್ದರು ಎನ್ನುತ್ತಾನೆ. ಬೀದಿಗಳಲ್ಲಿ ಉದ್ದುದ್ದ ಹಾವು ಹರಿದಾಡುತ್ತಿದ್ದವು ಎನ್ನುತ್ತಾನೆ. ಸುಲ್ತಾನನ ಸವಾರಿ, ದಂತಕ್ಕೆ ಕತ್ತಿ ಕಟ್ಟಿದ ಆನೆಗಳು, ಕೆತ್ತನೆಯಿಂದ, ಚಿನ್ನದಿಂದ ಹೊಳೆಯುವ ಅರಮನೆ, ಎಲ್ಲವನ್ನೂ ಬೆರಗಿನಿಂದಲೇ ಬರೆದಿದ್ದಾನೆ. ಅದರ ಜೊತೆಗೇ ಇನ್ನೊಂದು ಮಾತು: ನಾಡಿನಲ್ಲಿ ಜನ ತುಂಬಿದ್ದಾರೆ, ಹಳ್ಳಿಯವರು ಬಹಳ ಬಡವರು, ಅಮೀರರು ಮಾತ್ರ ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಚಿನ್ನದ ಜೀನಿನ ಕುದುರೆಗಳು ಅವರ ಮುಂದೆ ನಡೆಯುತ್ತವೆ. ಆಸ್ಥಾನದ ಹೊಗಳಿಕೆಯ ಬರಹಗಳಲ್ಲಿ ಈ ಮಾತನ್ನು ಹುಡುಕಬೇಡಿ. ಆಗ ಇಲ್ಲಿ ವಜೀರನಾಗಿದ್ದವನು ಮಹಮೂದ್ ಗವಾನ್, ಅವನೂ ವ್ಯಾಪಾರಿಯಾಗಿಯೇ ಈ ನಾಡಿಗೆ ಬಂದವನು. ಅವನ ಮದರಸಾ 1472ರದು, ಇಂದಿಗೂ ನಮ್ಮ ಕಣ್ಣೆದುರಿಗಿದೆ. ಗವಾನನ ಪತ್ರಗಳ ಸಂಕಲನವೂ ಉಳಿದಿದೆ, ಫಾರ್ಸಿಯ ಅಲಂಕಾರ ತುಂಬಿದ ಗದ್ಯ. ಒಂದೇ ಊರು, ಒಂದೇ ದಶಕ, ಇಬ್ಬರೂ ಹೊರಗಿನವರು. ವಜೀರನ ಪತ್ರದಲ್ಲಿ ರಾಜ್ಯವಿದೆ, ಕುದುರೆ ಮಾರುವವನ ವಹಿಯಲ್ಲಿ ಬಜಾರು, ಮೇವು, ಮೋಸ, ಭಯಗಳಿವೆ.

ಮೋಸ ಎಂದೆ. ತನ್ನನ್ನು ಇಲ್ಲಿಗೆ ಬಾ ಎಂದು ಹುರಿದುಂಬಿಸಿದವರ ಮೇಲೆ ಅವನಿಗೆ ಕೆಂಡದಂಥ ಸಿಟ್ಟು. ನಮ್ಮ ದೇಶಕ್ಕೆ ಒಯ್ಯುವಂಥ ಸರಕು ಇಲ್ಲಿ ಏನೂ ಇಲ್ಲ, ಮೆಣಸು ಮತ್ತು ಬಣ್ಣ ಅಗ್ಗ, ಆದರೆ ಸುಂಕ ಹೆಚ್ಚು, ಸಮುದ್ರದಲ್ಲಿ ಕಳ್ಳರು ಎಂದು ಬಯ್ದುಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ನಡೆಯುವ ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಲೆಕ್ಕ ಕೊಟ್ಟಿದ್ದಾನೆ. ತನ್ನ ಒಂದು ಕುದುರೆಯನ್ನು ಮಾರಲು ಮಾತ್ರ ಬಹಳ ಕಾಲ ಕಾದು, ಮೇವಿಗೆ ಖರ್ಚುಮಾಡಿ, ಕ್ರಿಸ್ಮಸ್ ಹೊತ್ತಿಗೆ ಬೀದರದಲ್ಲಿ ಕೊಟ್ಟುಬಿಟ್ಟ. ಅಷ್ಟು ದೂರದ ಪಯಣದ ವ್ಯಾಪಾರ ಇಷ್ಟೇ.

ಅಲ್ಲಿಂದ ಮುಂದೆ ವಹಿಯ ಧಾಟಿಯೇ ಬದಲಾಗುತ್ತದೆ. ಬೀದರದಲ್ಲಿ ಅವನಿಗೆ ಅನೇಕ ಹಿಂದೂ ಗೆಳೆಯರಾದರು. ಅವರೆದುರು ಅವನು ತನ್ನ ಗುಟ್ಟು ಬಿಚ್ಚಿದ: ನಾನು ಮುಸ್ಲಿಮನಲ್ಲ, ಕ್ರೈಸ್ತ, ಇಲ್ಲಿ ಖೋಜಾ ಯೂಸುಫ್ ಖುರಾಸಾನಿ ಎಂದು ಕರೆಸಿಕೊಂಡಿದ್ದೇನೆ, ನನ್ನ ಹೆಸರು ಅಫನಾಸಿ. ಅಂದಿನಿಂದ ಅವರೂ ಏನನ್ನೂ ಮುಚ್ಚಿಡಲಿಲ್ಲ, ಊಟವನ್ನಾಗಲಿ ಪೂಜೆಯನ್ನಾಗಲಿ. ಶಿವರಾತ್ರಿಗೆ ಅವರ ಜೊತೆ ಪರ್ವತಕ್ಕೆ, ಅಂದರೆ ಶ್ರೀಶೈಲಕ್ಕೆ ನಡೆದ. ಕರಿಕಲ್ಲಿನ ದೊಡ್ಡ ನಂದಿಯ ಗೊರಸಿಗೆ ಜನ ಮುತ್ತಿಡುವುದನ್ನು, ಹೂವು ಚೆಲ್ಲುವುದನ್ನು ನೋಡಿದ. ನಮ್ಮ ಜಿಲ್ಲೆಯ ಜನ ಇಂದಿಗೂ ಮಲ್ಲಯ್ಯನ ಹೆಸರಿನಲ್ಲಿ ಕಾಲ್ನಡಿಗೆಯಲ್ಲಿ ಹೋಗುವುದು ಅಲ್ಲಿಗೇ.

ತನ್ನ ಪುಸ್ತಕಗಳು ಲೂಟಿಯಾದ್ದರಿಂದ ಹಬ್ಬ ಯಾವಾಗ, ಉಪವಾಸ ಯಾವಾಗ ಎಂದು ಅವನಿಗೆ ತಿಳಿಯದಾಗಿತ್ತು. ನಕ್ಷತ್ರ ನೋಡಿ ಈಸ್ಟರ್ ಹಬ್ಬವನ್ನು ಊಹಿಸುತ್ತಿದ್ದ. ಮುಸ್ಲಿಮರು ರೋಜಾ ಹಿಡಿದಾಗ ತಾನೂ ಹಿಡಿದ. ನನ್ನ ಧರ್ಮ ನನ್ನಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಕಳವಳ ಪುಟದಿಂದ ಪುಟಕ್ಕೆ ಬೆಳೆಯುತ್ತದೆ. ಈ ಕಳವಳದ ಪುಟಗಳಲ್ಲಿ ಒಮ್ಮೊಮ್ಮೆ ಅವನು ರಷ್ಯನ್ ಬಿಟ್ಟು, ಬಜಾರಿನಲ್ಲಿ ಕಲಿತ ತುರ್ಕಿ, ಫಾರ್ಸಿ, ಅರಬ್ಬಿ ಬೆರೆತ ಮಾತಿಗೆ ಜಾರುತ್ತಾನೆ. ಊರಿನವರು ಓದಬಾರದ ಸಂಗತಿಗಳೂ ಆ ಮಾತಿನಲ್ಲಿವೆ, ದೇವರನ್ನು ಕರೆದ ಪ್ರಾರ್ಥನೆಗಳೂ ಅದೇ ಮಾತಿನಲ್ಲಿವೆ. ವಹಿ ಮುಗಿಯುವುದು ಅಂಥದೊಂದು ಪ್ರಾರ್ಥನೆಯಿಂದಲೇ. ಅವನು ಕೊನೆಗೆ ಏನಾಗಿದ್ದ ಎಂದು ಪಂಡಿತರು ಬಹಳ ಕಾಲ ವಾದಿಸಿದ್ದಾರೆ. ಅವನಿಗೇ ಅದು ತಿಳಿದಿರಲಿಲ್ಲ ಎಂದು ನನಗೆ ಅನಿಸುತ್ತದೆ. ತಿಳಿಯದವನ ಕೈಯಲ್ಲಿ ಬರೆದದ್ದರಿಂದಲೇ ಆ ವಹಿ ಇಂದಿಗೂ ಬಿಸಿಯಾಗಿದೆ.

ಬರೆಯುವ ಭಾಷೆಯೇ ಒಂದು ಮರೆಯಾಗುವುದು ಈ ಜಿಲ್ಲೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ನಿಮ್ಮಲ್ಲಿ ಅನೇಕರು ನಿಮ್ಮ ಹಿರಿಯರ ಬಾಯಿಂದಲೇ ಕೇಳಿದ್ದೀರಿ. 1889ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬದುಕಿದ ಆ ಹಿರಿಯರಿಂದಾಗಿ ನಾನಿಂದು ಈ ಸಭೆಯಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೇನೆ.

ಇನ್ನು ನಮ್ಮ ಸಂಗೀತಗಾರರು ಬರೆದದ್ದು. ಕನ್ನಡದಲ್ಲಿ ಈ ಬಗೆಯ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಮೂರನ್ನು. ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ', ಗಂಗೂಬಾಯಿ ಹಾನಗಲ್ಲರು ಹೇಳಿ ಎನ್.ಕೆ. ಕುಲಕರ್ಣಿಯವರು ಬರೆದುಕೊಂಡ 'ನನ್ನ ಬದುಕಿನ ಹಾಡು', ಬಿ.ವಿ. ಕಾರಂತರು ಹೇಳಿ ವೈದೇಹಿಯವರು ನಿರೂಪಿಸಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಮೂರೂ ದೊಡ್ಡ ಪುಸ್ತಕಗಳು, ಮೂರೂ ಮುಪ್ಪಿನವು. ಎರಡು ಇನ್ನೊಬ್ಬರ ಕೈಬರಹದಲ್ಲಿ ಬಂದವು.

ಮನ್ಸೂರರ ಪುಸ್ತಕದಲ್ಲಿ ಗುರುಭಕ್ತಿಯೇ ಹೆದ್ದಾರಿ. ನಾಟಕದ ಕಂಪನಿ, ಮೀರಜಿನ ನೀಲಕಂಠಬುವಾ, ಮುಂಬಯಿಯಲ್ಲಿ ಸಿಕ್ಕ ಮಂಜಿಖಾನರು, 1937ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರು. ಮುಪ್ಪಿನಲ್ಲಿ ಮನ್ಸೂರರು ಹಿಂತಿರುಗಿ ನೋಡುವಾಗ ಹಸಿವೂ ಅಲೆದಾಟವೂ ಗುರುಸೇವೆಯ ಭಾಗಗಳಾಗಿ ಕಾಣುತ್ತವೆ. ಮಂಜಿಖಾನರು ತೀರಿಕೊಂಡ ವಾರ ಆ ತರುಣ ಗಾಯಕನಿಗೆ ಏನನಿಸಿತು? ಹಾಡು ಬಿಟ್ಟುಬಿಡಬೇಕು ಎನಿಸಿತೆ? ಆ ವಾರದಲ್ಲೇ ಬರೆದ ಎರಡು ಪುಟ ಇದ್ದಿದ್ದರೆ ಎಂದು ನಾನು ಆಸೆಪಡುತ್ತೇನೆ. ಇದು ಮನ್ಸೂರರ ಮೇಲಿನ ದೂರಲ್ಲ. ನಮ್ಮ ಪರಂಪರೆಯಲ್ಲಿ ಶಿಷ್ಯ ತನ್ನ ದಣಿವನ್ನು ಬರೆದರೆ ಅದು ಗುರುವಿನ ಮೇಲೆ ಹೇಳಿದ ಚಾಡಿಯಂತೆ ಕಾಣುತ್ತದೆ. ರೋಲಿನ್ಸ್‌ಗೆ ಗುರುವಿರಲಿಲ್ಲ, ಘರಾನೆಯಿರಲಿಲ್ಲ, ಯಾರ ಹೆಸರಿಗೂ ಕಳಂಕ ತಟ್ಟುವ ಅಂಜಿಕೆ ಇರಲಿಲ್ಲ. ಅವನ ಗದ್ಯದ ಬಿಚ್ಚುತನಕ್ಕೆ ಅದೂ ಕಾರಣ.

ಗಂಗೂಬಾಯಿಯವರಲ್ಲಿ ಒಂದು ಕಡೆ ದಣಿವನ್ನು ಮುಚ್ಚುವ ಈ ಹೊದಿಕೆ ಸರಿಯುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದರ ಬಾಲೆ ಗಂಗೂಬಾಯಿಯೂ ಒಬ್ಬಳು. ಅಷ್ಟು ದೊಡ್ಡ ಸಭೆಯಲ್ಲಿ ಆ ಮಗುವಿನ ಮನಸ್ಸಿನಲ್ಲಿದ್ದ ಭಯ ಸ್ವರ ತಪ್ಪುವುದರ ಬಗ್ಗೆ ಅಲ್ಲ, ಊಟವಾದ ಮೇಲೆ ಎಂಜಲೆಲೆ ಎತ್ತು ಎಂದುಬಿಟ್ಟರೆ ಎಂಬುದರ ಬಗ್ಗೆ. ಆಗಿನ ಕಾಲದ ಜಾತಿಯ ಲೆಕ್ಕ ಅದು. ದಶಕಗಳಾದ ಮೇಲೂ ಅವರು ಅದನ್ನು ಮರೆಯಲಿಲ್ಲ, ಹೇಳದೆ ಬಿಡಲೂ ಇಲ್ಲ. ರಾಷ್ಟ್ರೀಯ ಚಳವಳಿಯ ಇತಿಹಾಸದಲ್ಲಿ ಆ ಅಧಿವೇಶನದ ಠರಾವುಗಳಿವೆ, ಫೋಟೋಗಳಿವೆ. ಹಾಡಿದ ಮಗುವಿನ ಹೊಟ್ಟೆಯೊಳಗಿನ ನಡುಕ ಈ ಒಂದು ನೆನಪಿನಲ್ಲಿ ಮಾತ್ರ ಇದೆ. ಅದು ನೆನಪಿನ ಶಕ್ತಿಯೂ ಹೌದು, ಒಪ್ಪುತ್ತೇನೆ. ಆದರೆ ಎಷ್ಟು ಮಕ್ಕಳಿಗೆ ತೊಂಬತ್ತಾರು ವರ್ಷದ ಆಯುಷ್ಯ, ಕೇಳಿ ಬರೆದುಕೊಳ್ಳುವ ಒಬ್ಬ ಕುಲಕರ್ಣಿ ಸಿಗುತ್ತಾರೆ?

ಕಾರಂತರದು ಬೇರೆ ರುಚಿ. ಬಾಲ್ಯದಲ್ಲೇ ಮನೆಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. 2002ರಲ್ಲಿ ತೀರಿಕೊಂಡರು, ಪುಸ್ತಕ ಆಮೇಲೆ ಬಂತು. ಮಾತಿನ ಓಟ, ತಡವರಿಕೆ, ತನ್ನನ್ನೇ ತಾನು ಪ್ರಶ್ನಿಸಿಕೊಳ್ಳುವುದು, ಎಲ್ಲವನ್ನೂ ವೈದೇಹಿಯವರು ಉಳಿಸಿಕೊಟ್ಟಿದ್ದಾರೆ. ನಮ್ಮಲ್ಲಿ ವ್ಯಾನಿನ ದಿನಚರಿಗೆ ಅತಿ ಹತ್ತಿರ ಬಂದ ಪುಸ್ತಕ ಇದೇ ಎಂದು ನನ್ನ ಎಣಿಕೆ.

ಹಾಗಾದರೆ ಬೀದರ, ಭಾಲ್ಕಿ, ಔರಾದಿನ ಹಾಡುಗಾರರು? ಇಲ್ಲಿ ಹಾಡಿಗೆ ಬರವಿಲ್ಲ. ಅಮಾವಾಸ್ಯೆಯ ಭಜನೆಯಲ್ಲಿ ತತ್ವಪದ, ಮೊಹರಂ ಹೊತ್ತಿಗೆ ರಿವಾಯತ್, ಔರಾದಿನ ಕಡೆ ಮರಾಠಿ ಅಭಂಗ, ಹುಮನಾಬಾದಿನ ಮಾಣಿಕಪ್ರಭುಗಳ ಪದಗಳು. 1865ರಲ್ಲಿ ಸಮಾಧಿಸ್ಥರಾದ ಆ ಪ್ರಭುಗಳು ಒಂದಲ್ಲ, ಹಲವು ಭಾಷೆಗಳಲ್ಲಿ ಪದ ಕಟ್ಟಿದವರು. ಅಷ್ಟೂರಿನ ಅಹ್ಮದ್ ಶಾ ವಲಿಯ ಗುಮ್ಮಟದ ಜಾತ್ರೆಗೆ ಕಲಬುರಗಿ ಸೀಮೆಯಿಂದ ಜಂಗಮರು ಬರುತ್ತಾರೆ, ಜೊತೆಗೆ ಹಾಡೂ ಬರುತ್ತದೆ. ಹಾಡುವವರ ಕೈಯಲ್ಲೊಂದು ವಹಿ ಇದ್ದೇ ಇರುತ್ತದೆ. ಕನ್ನಡ ಅಕ್ಷರದಲ್ಲಿ ಬರೆದ ಉರ್ದು ಪದ, ದೇವನಾಗರಿಯಲ್ಲಿ ಬರೆದ ಕನ್ನಡ ಪದ, ಎರಡೂ ಅಂಥ ವಹಿಗಳಲ್ಲಿ ಸಿಗುತ್ತವೆ. ಸಂಶೋಧಕರು ಬಂದಾಗ ಕೇಳುವುದು ಹಾಡಿನ ಪುಟಗಳನ್ನು. ಅದು ಸರಿಯೇ, ತತ್ವಪದಗಳ ಸಂಪುಟಗಳು ಹಾಗೆಯೇ ಆದವು.

ನಾನು ನೋಡಬಯಸುವುದು ಹಿಂದಿನ ಪುಟಗಳನ್ನು. ಯಾವ ಊರಿಗೆ ಭಜನೆಗೆ ಹೋದದ್ದು, ಹಾರ್ಮೋನಿಯಂ ರಿಪೇರಿಗೆ ಎಷ್ಟಾಯಿತು, ತಬಲಾದವನಿಗೆ ಎಷ್ಟು ಕೊಟ್ಟದ್ದು, ಯಾರು ಊಟಕ್ಕೆ ಒಳಗೆ ಕರೆದರು, ಯಾರು ಹೊರಗಿನ ಕಟ್ಟೆಯ ಮೇಲೆಯೇ ಬಡಿಸಿದರು, ಮಗಳ ಮದುವೆಗೆ ಯಾರಿಂದ ಸಾಲ ಬಂತು. ಎಲ್ಲ ವಹಿಗಳಲ್ಲೂ ಇದೆಲ್ಲ ಇರುವುದಿಲ್ಲ. ಇರುವ ಕಡೆ ಅದನ್ನು ಸಾಹಿತ್ಯ ಎಂದು ಯಾರೂ ಎಣಿಸುವುದಿಲ್ಲ, ಬರೆದವನೂ ಎಣಿಸುವುದಿಲ್ಲ. ನಿಕಿತಿನ್ ಕೂಡ ಕುದುರೆಯ ಮೇವಿನ ಖರ್ಚನ್ನು ಸಾಹಿತ್ಯ ಎಂದು ಬರೆದಿರಲಾರ.

ನಿಕಿತಿನ್‌ನ ಆ ವಹಿ ಉಳಿದದ್ದು ಹೇಗೆಂದು ಕೇಳಿ. ಬೀದರ ಬಿಟ್ಟ ಅವನು ದಾಭೋಳದಲ್ಲಿ ಹಡಗು ಹತ್ತಿ, ಹೋರ್ಮುಜ್, ಪರ್ಷಿಯಾ, ಕಪ್ಪುಸಮುದ್ರ ದಾಟಿ ಊರಿನ ಕಡೆ ಹೊರಟ. ತ್ವೇರ್ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮೊದಲೇ ದಾರಿಯಲ್ಲಿ ಸತ್ತ. ಅವನ ಕೈಬರಹದ ವಹಿಗಳನ್ನು ಜೊತೆಗಾರ ವ್ಯಾಪಾರಿಗಳು ಮಾಸ್ಕೋಗೆ ತಂದು ವಸೀಲಿ ಮಾಮಿರೇವ್ ಎಂಬ ಅಧಿಕಾರಿಗೆ ಒಪ್ಪಿಸಿದರು. 1475ರ ಹೊತ್ತಿಗೆ ಅದು ವೃತ್ತಾಂತಗಳಲ್ಲಿ ಸೇರಿತು. ಹತ್ತೊಂಬತ್ತನೆಯ ಶತಮಾನದ ಆರಂ‌ಭದಲ್ಲಿ ಇತಿಹಾಸಕಾರ ಕರಮ್ಜಿನ್ ಅದನ್ನು ಒಂದು ಮಠದ ಹಸ್ತಪ್ರತಿಗಳಲ್ಲಿ ಕಂಡು ಹೊರಗೆ ತಂದ. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ರಷ್ಯಾದ ಪ್ರೋನಿನ್ ಸೇರಿ ಅವನ ಪಯಣವನ್ನೇ 'ಪರದೇಸಿ' ಎಂಬ ಸಿನಿಮಾ ಮಾಡಿದರು. ಆ ದಾರಿಯಲ್ಲಿ ಸತ್ತವನ ಗಂಟಿನಲ್ಲಿ ಬೆಲೆಬಾಳುವ ಸರಕೇನೂ ಇದ್ದಿರಲಿಕ್ಕಿಲ್ಲ. ಆದರೂ ಜೊತೆಗಾರರು ಕಾಗದದ ಕಟ್ಟನ್ನು ಎಸೆಯಲಿಲ್ಲ. ಜೋ ಕೋಲ್‌ನ ದಿನಚರಿಯನ್ನು ಕಾಪಾಡಿದ್ದೂ ಜೊತೆಗಾರನೇ.

ನಮ್ಮ ಭಜನಾ ಮಂಡಳಿಗಳಲ್ಲಿ ಹಿರಿಯ ಹಾಡುಗಾರ ತೀರಿಕೊಂಡಾಗ ವಹಿ ಶಿಷ್ಯನಿಗೆ ಬರುತ್ತದೆ. ಶಿಷ್ಯ ಹಾಡುಗಳನ್ನು ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾನೆ, ಹಳೆಯದು ಅಟ್ಟ ಸೇರುತ್ತದೆ, ಇಲ್ಲವೇ ರದ್ದಿಗೆ ಹೋಗುತ್ತದೆ. ಹಾಡು ಉಳಿಯುತ್ತದೆ, ಲೆಕ್ಕದ ಪುಟ ಹೋಗುತ್ತದೆ. ಆದ್ದರಿಂದ ಇಲ್ಲಿ ಕುಳಿತಿರುವ ಕಾಲೇಜಿನ ಹುಡುಗ ಹುಡುಗಿಯರಲ್ಲಿ ನನ್ನ ಕೇಳಿಕೆ ಇದು. ನಿಮ್ಮ ಅಜ್ಜನದೋ ಓಣಿಯ ಮುತ್ಯಾನದೋ ವಹಿ ಸಿಕ್ಕರೆ ಮೊದಲ ಪುಟದಿಂದ ರಟ್ಟಿನವರೆಗೆ, ಖಾಲಿ ಪುಟವನ್ನೂ ಬಿಡದೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮನೆಯವರ ಒಪ್ಪಿಗೆ ಕೇಳಿ. ಹೆಸರು ಬೇಡ ಎಂದರೆ ಹೆಸರು ಮುಚ್ಚಿಡಿ, ಸಾಲದ, ಜಗಳದ ಮಾತಿದ್ದರೆ ಅವರ ಮಾನ ಕಾಪಾಡಿ. ಊರು, ಸಿಕ್ಕ ತಿಂಗಳು, ಯಾರ ಮನೆಯಲ್ಲಿ ಇಂದು ಆ ವಹಿ ಇದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಂದಿಗೇ ಇಡಿ. ಅಕ್ಷರ ತಿಳಿಯದಿದ್ದರೆ ನಿಮ್ಮ ಅಧ್ಯಾಪಕರನ್ನು ಕೇಳಿ, ಮೋಡಿ ಲಿಪಿಯಾಗಿದ್ದರೆ ಔರಾದಿನ ಕಡೆಯ ಹಿರಿಯರನ್ನು ಕೇಳಿ. ನೀವೇ ಹಾಡುವವರಾಗಿದ್ದರೆ ಇಂದು ರಾತ್ರಿ ಊರು ಮುಟ್ಟಿದ ಮೇಲೆ ಬಸ್ಸಿನ ದರ, ಕೂಡಿದ ಜನ, ತಪ್ಪಿದ ತಾಳ, ಬಂದ ಸಿಟ್ಟು, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ.